ಕಪ್ಪತಗುಡ್ಡದ ಬುಡದಲ್ಲಿ ಪ್ರವಾಸಿ ಮಾಹಿತಿ ಕೇಂದ್ರ: ಗುಡ್ಡದಿಂದ ವಿನ್ಯಾಸಕ್ಕೆ ಏನು ತಗೋಬೇಕು?

ನೀವು ಕೇಳಿದ್ದರ ಸಾರ ಇಷ್ಟು: ಗದಗ ಜಿಲ್ಲೆಯ ಡೋಣಿ ಊರಿನ ಕಡೆ ಕಪ್ಪತಗುಡ್ಡದ ಬುಡದಲ್ಲಿ ಒಂದೆಕರೆ ಜಾಗ, ಮೇಲಿನ ಅರ್ಧ ಗರಸು (ಹರಳು ಬೆರೆತ ಗಟ್ಟಿ ಕೆಂಪು ನೆಲ), ಕೆಳಗಿನ ಅರ್ಧ ಎರಿ (ಕಪ್ಪು ಮಣ್ಣು). ದಿನಕ್ಕೆ ನೂರು ಜನ ಬರುವ ಅಂದಾಜು, ಸುಮಾರು 300 ಚದರ ಮೀಟರ್ ಕಟ್ಟಡ, ಮತ್ತು ಅದು "ಗುಡ್ಡದ ಹಾಗೆ ಕಾಣಬೇಕು".

ಕೊನೆಯ ಬೇಡಿಕೆಯನ್ನು ಮೊದಲು ಕೈಬಿಡಿ ಎಂಬುದು ನನ್ನ ಸಲಹೆ. ಏರಿಳಿತದ ಚಾವಣಿ ಫೋಟೋದಲ್ಲಿ ಚೆಂದ ಕಾಣುತ್ತದೆ, ಆದರೆ ಎರಡು ಇಳಿಜಾರು ಸೇರುವ ಪ್ರತಿ ಸಂದೂ ಸೋರುವ ಜಾಗವೇ. ಗುಡ್ಡ ನೀರು, ಗಾಳಿ, ಬಿಸಿಲನ್ನು ಹೇಗೆ ನಿಭಾಯಿಸುತ್ತದೆ ಎಂಬುದನ್ನು ನಕಲು ಮಾಡಿ, ಆಕಾರವನ್ನಲ್ಲ.

ಅದಕ್ಕೂ ಮೊದಲು ಕಾಗದ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ಸುಮಾರು 244 ಚದರ ಕಿ.ಮೀ. ನಿಮ್ಮ ಸರ್ವೇ ನಂಬರು ಧಾಮದ ಗಡಿಯಿಂದ ಎಷ್ಟು ದೂರ, ಪರಿಸರ ಸೂಕ್ಷ್ಮ ವಲಯದೊಳಗೆ ಬರುತ್ತದೋ ಇಲ್ಲವೋ ಎಂದು ಅರಣ್ಯ ಇಲಾಖೆಯಿಂದ ಬರಹದಲ್ಲಿ ತಗೊಂಡ ಮೇಲೆಯೇ ವಾಸ್ತುಶಿಲ್ಪಿಗೆ ದುಡ್ಡು ಕೊಡಿ. ಗುಡ್ಡದ ಕಲ್ಲನ್ನು ಮುಟ್ಟುವ ಹಾಗಿಲ್ಲ ಅನ್ನೋದನ್ನೂ ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಜಾಗದ ನಕ್ಷೆಯನ್ನು ಅರ್ಧ ಮೀಟರ್ ಅಂತರದ ಸಮೋನ್ನತಿ ರೇಖೆಗಳೊಂದಿಗೆ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು) ಮಾಡಿಸಿ. ಒಂದು ಮೀಟರಿನ ಅಂತರದಲ್ಲಿ ಸಣ್ಣ ಹಳ್ಳ, ಕೊರಕಲು ಕಾಣುವುದಿಲ್ಲ. ಈ ಭಾಗದಲ್ಲಿ ಜೋರು ಮಳೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಆಗೊಮ್ಮೆ ಮಳೆಯಲ್ಲೇ ನಿಂತು ನೀರು ಹರಿಯುವ ಜಾಡನ್ನು ನಕ್ಷೆಯ ಮೇಲೆ ಗುರುತು ಹಾಕಿ, ಆ ಜಾಡಿನಲ್ಲಿ ಏನನ್ನೂ ಕಟ್ಟಬೇಡಿ.

ಕಟ್ಟಡ ಗರಸಿನ ಮೇಲೆ ಬರಲಿ. ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಹಗುರವಾದ ಒಂದಂತಸ್ತಿನ ಕಟ್ಟಡಕ್ಕೆ ಅದನ್ನು ಒತ್ತಿ ಹಿಡಿಯುವಷ್ಟು ಭಾರ ಇರುವುದಿಲ್ಲ, ಹಾಗಾಗಿ ಕಿಟಕಿಯ ಮೂಲೆಯಿಂದ ಓರೆ ಬಿರುಕು ಶುರುವಾಗುತ್ತದೆ. ಎರಿಯಲ್ಲಿ ಕಟ್ಟಲೇಬೇಕಾದರೆ ಅಂಡರ್ ರೀಮ್ಡ್ ಪೈಲ್ (ನೆಲದಾಳಕ್ಕೆ ಇಳಿಸುವ, ತಳದಲ್ಲಿ ಗಡ್ಡೆಯ ಹಾಗೆ ಅಗಲವಾಗುವ ಕಾಂಕ್ರೀಟ್ ಕಂಬ) ಹಾಕಿ. ಆಳವಾದ ಎರಿಗೆ ಕನಿಷ್ಠ 3.5 ಮೀಟರ್ ಉದ್ದ, ಕೆಳಗಿನ ಗಡ್ಡೆ ಕಂಬದ ವ್ಯಾಸದ ಎರಡೂವರೆ ಪಟ್ಟು. ಪೈಲುಗಳ ಮೇಲೆ ಕೂತು ಗೋಡೆ ಹೊರುವ ಪ್ಲಿಂತ್ ಬೀಮಿನ ಕೆಳಗೆ 80 ಮಿ.ಮೀ. ಖಾಲಿ ಬಿಡಬೇಕು. ಮೇಸ್ತ್ರಿಗಳು ಆ ಸಂದಿಗೆ ಮಣ್ಣು ತುಂಬಿಬಿಡುತ್ತಾರೆ. ಆಮೇಲೆ ಉಬ್ಬಿದ ಮಣ್ಣು ನೇರ ಬೀಮನ್ನೇ ಎತ್ತುತ್ತದೆ, ಪೈಲಿಗೆ ಹಾಕಿದ ದುಡ್ಡು ದಂಡ.

ಕಟ್ಟಡದ ಆಕಾರ: ಸಮೋನ್ನತಿ ರೇಖೆಯ ಗುಂಟ ಉದ್ದವಾಗಿ, ಆರೇಳು ಮೀಟರ್ ಅಗಲಕ್ಕಿಂತ ಹೆಚ್ಚಿಲ್ಲದಂತೆ, ತಗ್ಗಾಗಿ. ಅಗಲ ಹೆಚ್ಚಾದರೆ ಗಾಳಿ ಈ ಕಡೆಯಿಂದ ಆ ಕಡೆಗೆ ದಾಟುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿಯ ಹೊಡೆತ ಎಂಥದ್ದು ಅನ್ನೋದಕ್ಕೆ ಗುಡ್ಡದ ನೆತ್ತಿಯ ಗಾಳಿಯಂತ್ರಗಳೇ ಸಾಕ್ಷಿ. ಬಿಗಿಯದ ಮಂಗಳೂರು ಹಂಚು ಈ ಗಾಳಿಗೆ ನಿಲ್ಲುವುದಿಲ್ಲ. ಪಡುವಣದ ಗೋಡೆಗೆ ಕಿಟಕಿ ಬೇಡ, ಅಲ್ಲಿ ಉಗ್ರಾಣ, ಶೌಚಾಲಯ ಬರಲಿ. ಆ ಗೋಡೆಗೆ ಇರಚಲು ಹೆಚ್ಚು, ಅದೊಂದನ್ನಾದರೂ ಹೊರಗಿನಿಂದ ತಂದ ಕಲ್ಲಿನಲ್ಲೇ ಕಟ್ಟಿ.

ಉದ್ದ ಪೂರ್ವ-ಪಶ್ಚಿಮವಾದರೆ ಒಳ್ಳೆಯದು. ಗದಗ ಸೀಮೆ ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿದೆ. ತೆಂಕಣ ಬದಿಯ ಒಂದೂವರೆ ಮೀಟರ್ ಎತ್ತರದ ಕಿಟಕಿಗೆ 60 ಸೆ.ಮೀ. ಛಜ್ಜಾ ಇದ್ದರೆ ಮಾರ್ಚ್ ಮೊದಲ ವಾರದಿಂದಲೇ ನಡುಹಗಲ ಬಿಸಿಲು ಒಳಗೆ ಬರುವುದಿಲ್ಲ. ಮೇಯಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಹಗಲ ಸೂರ್ಯ ಬಡಗಣಕ್ಕೆ ಇರುತ್ತಾನೆ, ಇದನ್ನು ಬಹಳ ಮಂದಿ ಮರೆಯುತ್ತಾರೆ. ಆ ಬದಿಗೆ 20-25 ಸೆ.ಮೀ. ಸಾಕು.

ಉಳಿದ ಗೋಡೆಗಳಿಗೆ ಒತ್ತಿದ ಮಣ್ಣಿನ ಇಟ್ಟಿಗೆ ಹೊಂದುತ್ತದೆ. ನೆಲ ಅಗೆದಾಗ ಬರುವ ಕೆಂಪು ಗರಸು ಮಣ್ಣನ್ನೇ 5 ಮಿ.ಮೀ. ಜರಡಿಯಲ್ಲಿ ಸೋಸಿ, ನೂರು ಕಿಲೋಗೆ ಏಳು ಕಿಲೋ ಸಿಮೆಂಟ್ ಬೆರೆಸಿ. ಮೊದಲು ಬಾಟಲಿ ಪರೀಕ್ಷೆ: ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು, ಕುಲುಕಿ ಒಂದು ದಿನ ಬಿಡಿ. ತಳದ ಮರಳಿನ ಪದರ ಒಟ್ಟು ಮಣ್ಣಿನ ಮೂರನೇ ಎರಡರಷ್ಟಿದ್ದರೆ ಸರಿ, ಕಡಿಮೆ ಇದ್ದರೆ ಕ್ವಾರಿ ಪುಡಿ ಸೇರಿಸಿ. ಎರಿ ಮಣ್ಣು ಬೆರೆಸಲು ಬಿಡಲೇಬೇಡಿ, ಸಿಮೆಂಟಿನಿಂದ ಅದರ ಉಬ್ಬರ ನಿಲ್ಲದು. ಇಟ್ಟಿಗೆಗೆ ಮೂರ್ನಾಲ್ಕು ವಾರ ನೀರುಣಿಸಬೇಕು, ಏಪ್ರಿಲ್‌ನಲ್ಲಿ ಆ ನೀರು ಸಿಗುವುದಿಲ್ಲ. ನವೆಂಬರ್-ಜನವರಿಯಲ್ಲಿ ಮಾಡಿಸಿ. ಒಂದನ್ನು ಇಡೀ ರಾತ್ರಿ ನೀರಲ್ಲಿ ಮುಳುಗಿಸಿಡಿ, ಬೆಳಿಗ್ಗೆ ಅಂಚು ಉದುರಿದರೆ ಆ ಇಡೀ ಸರಕನ್ನು ವಾಪಸ್ ಮಾಡಿ.

ಬಾಗಿಲು, ಕಂಬ, ತೊಲೆ, ಜಂತಿಗೆ ಊರಲ್ಲಿ ಕೆಡವಿದ ಹಳೇ ಮನೆಗಳ ಸಾಗವಾನಿ ಹುಡುಕಿ. ಗೆದ್ದಲು ತಿಂದಿದೆಯೇ ಎಂದು ಗೋಡೆಯೊಳಗೆ ಹೂತಿದ್ದ ತುದಿಯನ್ನೇ ಕುಟ್ಟಿ ನೋಡಿ.

ಚಾವಣಿಯ ವಿಷಯದಲ್ಲಿ ನನಗೆ ಮೇಲ್ಮುದ್ದೆ ಮಾಳಿಗೆಯೆಂದರೆ (ಮಣ್ಣು ಹೊದಿಸಿದ ಸಪಾಟು ಚಾವಣಿ) ಪ್ರೀತಿ. ಆದರೆ ಅದಕ್ಕೆ ವರ್ಷವೂ ಮಳೆಗೆ ಮುಂಚೆ ನೀರು ತಡೆಯುವ ಕರ್ಲು ಮಣ್ಣು ಹಾಕುವ ಮನೆಯವರು ಬೇಕು, ಟೆಂಡರಿನ ಕಟ್ಟಡಕ್ಕೆ ಅಂಥವರು ಇರುವುದಿಲ್ಲ. ಹುಲ್ಲು ಬೆಳೆಸುವ ಹಸಿರು ಚಾವಣಿಯೂ ಬೇಡ. ಆರು ತಿಂಗಳು ಒಣಗಿ ನಿಲ್ಲುತ್ತದೆ, ಗುಡ್ಡಕ್ಕೆ ಬೆಂಕಿ ಬೀಳುವ ಕಾಲವೂ ಅದೇ. ಫಿಲ್ಲರ್ ಸ್ಲ್ಯಾಬ್ (ಸರಳುಗಳ ನಡುವೆ ಒಂದಿಷ್ಟು ಕಾಂಕ್ರೀಟಿನ ಬದಲು ಹಂಚು ತುಂಬಿದ ಚಾವಣಿ) ಹಾಕಿ, ಮೇಲೆ ಬಿಳಿ ಟೈಲ್ಸ್ ಚೂರು ಕೂರಿಸಿ. ಕಾಂಕ್ರೀಟ್ ಉಳಿಯುತ್ತದೆ, ಬಿಸಿಲು ವಾಪಸ್ ಹೋಗುತ್ತದೆ, ಮಳೆನೀರೂ ಶುದ್ಧ. ಮಾಳಿಗೆ ಮನೆಯಿಂದ ಬೆಳಕಿಂಡಿಯನ್ನು ಮಾತ್ರ ತಗೊಳ್ಳಿ. ಜಾಲರಿ ಹಾಕಿ ರಾತ್ರಿಯಿಡೀ ತೆರೆದಿಟ್ಟರೆ ಹಗಲು ಕಾದ ಗೋಡೆ ತಣಿಯುತ್ತದೆ.

ನೀರಿನ ಲೆಕ್ಕ ಸುಲಭ: ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 300 ಚದರ ಮೀಟರ್, 600 ಮಿ.ಮೀ., ಐದನೇ ಒಂದು ಭಾಗ ಪೋಲು ಅಂದರೂ 1,44,000 ಲೀಟರ್. ತಲೆಗೆ 5 ಲೀಟರಿನಂತೆ ನೂರು ಜನಕ್ಕೆ ದಿನಕ್ಕೆ 500, ಮಳೆಯಿಲ್ಲದ 180 ದಿನಕ್ಕೆ 90,000. ಒಂದು ಲಕ್ಷ ಲೀಟರಿನ ನೆಲತೊಟ್ಟಿ ಸಾಕು. ಚಾವಣಿಯ ಕೊಳೆ ತೊಳೆದು ಬರುವ ಮೊದಲ ಒಂದೂವರೆ ಮಿ.ಮೀ. ಮಳೆ, ಅಂದರೆ 450 ಲೀಟರ್, ತೊಟ್ಟಿಗೆ ಹೋಗದೆ ಹೊರಗೆ ಹರಿಯುವಂತೆ ಪ್ರತ್ಯೇಕ ಪೈಪು ಇಡಿ. ಈ ಲೆಕ್ಕ ನಿಲ್ಲುವುದು ನೀರಿಲ್ಲದ ಮೂತ್ರಾಲಯ, ಕೈಯಿಂದ ನೀರು ಸುರಿಯುವ ಶೌಚಾಲಯ ಇದ್ದರೆ ಮಾತ್ರ. ಹತ್ತು ಲೀಟರಿನ ಫ್ಲಶ್ ಹಾಕಿದರೆ ಸಂಕ್ರಾಂತಿಗೆ ಮೊದಲೇ ತೊಟ್ಟಿ ಖಾಲಿ. ಶೌಚಾಲಯದ ಜೋಡಿ ಗುಂಡಿಯನ್ನು ಗರಸಿನ ಬದಿಯಲ್ಲಿ, ತೊಟ್ಟಿಯಿಂದ ದೂರ, ಅದಕ್ಕಿಂತ ತಗ್ಗಿನಲ್ಲಿ ತೋಡಿ. ಎರಿಯಲ್ಲಿ ನೀರು ಇಂಗದೆ ಮೇಲೆ ಬರುತ್ತದೆ. ಕೈತೊಳೆದ ನೀರಿಗೆ 10 ಚದರ ಮೀಟರಿನ, 60 ಸೆ.ಮೀ. ಆಳದ ಜಲ್ಲಿ ಹಾಸಿಗೆ, ಮೇಲೆ ಜೊಂಡು ಅಥವಾ ಬಾಳೆ.

ಕೆಲಸ ಶುರುವಾಗುವ ಮುನ್ನ ಮೇಲಿನ 15 ಸೆ.ಮೀ. ಮಣ್ಣನ್ನು ಎತ್ತಿ ಒಂದು ಮೀಟರಿಗಿಂತ ತಗ್ಗಾದ ಗುಡ್ಡೆಗಳಾಗಿ ಪಕ್ಕಕ್ಕಿಡಿ. ಗುಡ್ಡದ ಬೀಜ ಅದರಲ್ಲೇ ಇರುತ್ತದೆ, ಕೊನೆಗೆ ಹರಡಿದರೆ ಅರ್ಧ ತೋಟ ತಾನೇ ಎದ್ದುಬರುತ್ತದೆ. ಮಿಕ್ಕಿದ್ದಕ್ಕೆ ಕಮರ, ದಿಂಡಲ, ಕಕ್ಕೆ, ಬಂದರಿಕೆ, ತಂಗಡಿ. ಹುಲ್ಲುಹಾಸು, ನೀಲಗಿರಿ ಬೇಡ. ಗೋಡೆಯಿಂದ ಮರಕ್ಕೆ ಅದು ಬೆಳೆಯುವ ಎತ್ತರದಷ್ಟು ದೂರವಿರಲಿ. ಸಸಿ ಜೂನ್ ಕೊನೆಗೆ ನೆಟ್ಟರೆ ಸೆಪ್ಟೆಂಬರ್ ಮಳೆಯೂ ಸಿಗುತ್ತದೆ, ಮೊದಲ ಎರಡು ಬೇಸಿಗೆಗೆ ಮಾತ್ರ ನೀರು ಕೊಡಬೇಕಾಗುತ್ತದೆ.