ಗೋರಿಕಲ್ಲೇ ಸುಳಿವು, ಡಬ್ಬಿ ಗೇಟಿನ ಹೊರಗೆ

ಹಳೆಯ ಸಮಾಧಿ ಸ್ಥಳಗಳಲ್ಲಿ ಜಿಯೋಕ್ಯಾಶಿಂಗ್ ಆಡುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಆಟ ಗೊತ್ತಿಲ್ಲದವರಿಗೆ ಎರಡು ಮಾತು: ಒಬ್ಬರು ಡಬ್ಬಿಯೊಂದನ್ನು (ಆಟದ ಮಾತಿನಲ್ಲಿ 'ಕ್ಯಾಶ್') ಬಚ್ಚಿಟ್ಟು ಅದರ ಅಕ್ಷಾಂಶ-ರೇಖಾಂಶವನ್ನು ಆಟದ ಜಾಲತಾಣದಲ್ಲಿ ಹಾಕುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕಿ, ಒಳಗಿರುವ ಲಾಗ್ ಚೀಟಿಯಲ್ಲಿ ಹೆಸರು, ತಾರೀಖು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಜನಸಾಮಾನ್ಯರ ಜಿಪಿಎಸ್‌ಗೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ಅಮೆರಿಕ ಸರ್ಕಾರ ನಿಲ್ಲಿಸಿದ್ದು 2000ದ ಮೇ 2ರಂದು. ಮರುದಿನವೇ ಆರೆಗನ್ ರಾಜ್ಯದಲ್ಲಿ ಡೇವ್ ಅಲ್ಮರ್ ಮೊದಲ ಡಬ್ಬಿ ಇಟ್ಟರು.

ಪ್ರಶ್ನೆ: ಶ್ರೀರಂಗಪಟ್ಟಣದ ಗ್ಯಾರಿಸನ್ ಸಿಮೆಟ್ರಿಯಲ್ಲಿ ಒಂದು ಕ್ಯಾಶ್ ಇಡಬೇಕೆಂದಿದ್ದೇವೆ. ಹಳೇ ಗೋರಿ ಎಂದ ಮೇಲೆ ಸಂದಿಗೊಂದಿಗೇನು ಬರ! ಡಬ್ಬಿಯನ್ನು ಅಲ್ಲೇ ತೂರಿಸಿದರೆ ಏನು ತೊಂದರೆ?
(ಮೈಸೂರು)

ಉತ್ತರ: ತೂರಿಸಬೇಡಿ. ನೀವು ಒಂದು ಸಂದಿಯಲ್ಲಿ ಇಡುತ್ತೀರಿ, ಹುಡುಕುವವರು ಇಪ್ಪತ್ತು ಸಂದಿಗಳಲ್ಲಿ ಕೈಯಾಡಿಸುತ್ತಾರೆ. ಮೊಬೈಲ್ ಜಿಪಿಎಸ್ ಬಯಲಿನಲ್ಲೇ 3ರಿಂದ 5 ಮೀಟರ್ ತಪ್ಪುತ್ತದೆ, ಮರದಡಿ ಇನ್ನೂ ಹೆಚ್ಚು. ಆ ಅಳತೆಯ ವೃತ್ತದೊಳಗೆ ಐದಾರು ಗೋರಿಗಳು ಬರುತ್ತವೆ. ಇಟ್ಟಿಗೆ-ಗಾರೆಯ ಹಳೆಯ ಗೋರಿಯಲ್ಲಿ ಒಂದು ಇಟ್ಟಿಗೆ ಅಲ್ಲಾಡಿದರೆ ಮುಂದಿನ ಮಳೆಗೆ ಅಲ್ಲಿಂದಲೇ ನೀರು ಇಳಿಯುತ್ತದೆ, ಬೇರು ಹೊಗುತ್ತದೆ. ಇನ್ನು ಕಾವೇರಿ ದಡದ ಕಲ್ಲುಸಂದಿಯಲ್ಲಿ ಹಾವು, ಚೇಳು ಇರುತ್ತವೆ ಎಂದು ಮೈಸೂರಿನವರಿಗೆ ನಾವು ಹೇಳಬೇಕಿಲ್ಲ.

ಕಾನೂನಿನ ಮಾತೂ ಇದೆ. ಎಲ್ಲೇ ಆಗಲಿ, ಮೊದಲು ಗೇಟಿನ ಬಳಿಯ ಫಲಕ ಓದಿ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾದರೆ 1958ರ ಕಾಯ್ದೆ ಅನ್ವಯಿಸುತ್ತದೆ. ಸ್ಮಾರಕಕ್ಕೆ ಹಾನಿ ಮಾಡಿದರೆ, ವಿರೂಪಗೊಳಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಚರ್ಚಿನದೋ ಟ್ರಸ್ಟಿನದೋ ಆದರೆ ಅವರಿಂದ ಅನುಮತಿಯನ್ನು ಬರಹದಲ್ಲೇ ಪಡೆಯಿರಿ. ಕಾವಲುಗಾರ "ಆಯ್ತು ಬಿಡಿ ಸಾರ್" ಅಂದದ್ದು ಅನುಮತಿಯಲ್ಲ.

ಆಟದ ಒಳಗೇ ಇದಕ್ಕೆ ದಾರಿಯಿದೆ, ಮಲ್ಟಿ-ಕ್ಯಾಶ್. ಸಮಾಧಿಗಳಲ್ಲಿ ಬರೀ ಪ್ರಶ್ನೆಗಳು. ಅಲ್ಲಿ ಸಿಕ್ಕ ಅಂಕಿಗಳಿಂದ ಕೊನೆಯ ಜಾಗದ ಅಕ್ಷಾಂಶ-ರೇಖಾಂಶ ಹುಟ್ಟುತ್ತದೆ, ಡಬ್ಬಿ ಅಲ್ಲಿ, ಆವರಣದಿಂದ ದೂರ. ಬ್ರಿಟನ್ನಿನಲ್ಲಿ ಚರ್ಚುಗಳ ಬಳಿ ಆಡುವ 'ಚರ್ಚ್ ಮೈಕ್ರೋ' ಸರಣಿಯಲ್ಲಿ ಬಹಳಷ್ಟು ಕ್ಯಾಶ್‌ಗಳು ನಡೆಯುವುದು ಹೀಗೇ. ಬೇರೆ ಕ್ಯಾಶ್‌ಗಳ ಡಬ್ಬಿಗೂ ನಿಮ್ಮ ಡಬ್ಬಿಗೂ 161 ಮೀಟರ್ ಅಂತರ ಇರಬೇಕೆಂಬ ನಿಯಮ ಬರೀ ಪ್ರಶ್ನೆಯಿರುವ ಹಂತಗಳಿಗೆ ಇಲ್ಲ. ಹಾಗಾಗಿ ಅಕ್ಕಪಕ್ಕದ ಎರಡು ಗೋರಿಗಳನ್ನೂ ಬಳಸಬಹುದು.

ನಿಮ್ಮ ಜಾಗಕ್ಕೆ ಈ ಬಗೆಯೇ ಸರಿ. ಅಲ್ಲಿ ಮಲಗಿರುವವರಲ್ಲಿ ಡಿ ಮ್ಯೂರಾನ್ ರೆಜಿಮೆಂಟಿನ ಸ್ವಿಸ್ ಸಿಪಾಯಿಗಳಿದ್ದಾರೆ. 1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಕಟ್ಟಿದ ಪಡೆ ಅದು. 1795ರಲ್ಲಿ ಸಿಲೋನಿನಲ್ಲಿ ಬ್ರಿಟಿಷರ ಸಂಬಳಕ್ಕೆ ಬಂತು, 1799ರಲ್ಲಿ ಟಿಪ್ಪುವಿನ ಕೋಟೆಗೆ ಮುತ್ತಿಗೆ ಹಾಕಿತು. ಬರೀ ಡಬ್ಬಿ ಹುಡುಕಲು ಬಂದವನು ಇದನ್ನು ತಿಳಿಯದೆ ಹೋಗುತ್ತಾನೆ, ಕಲ್ಲು ಓದಲೇಬೇಕಾದವನು ಹೋಗಲಾರ.

ಪ್ರಶ್ನೆ: ಕಲ್ಲಿನ ಇಸವಿಯಿಂದ ಅಕ್ಷಾಂಶ-ರೇಖಾಂಶ ಕಟ್ಟುವುದು ಹೇಗೆ? ನಾವು ಮಾಡಿದ್ದು ಆಡಿದವರೆಲ್ಲ ದಾರಿ ತಪ್ಪಿದರು.
(ಬೆಂಗಳೂರು)

ಉತ್ತರ: ಮೂರು ಕಡೆ ತಪ್ಪುತ್ತದೆ. ಮೊದಲನೆಯದು ಬರೆಯುವ ಕ್ರಮ. ಮೊಬೈಲ್ ನಕ್ಷೆಯಲ್ಲಿ 12.4321 ಡಿಗ್ರಿ ಎಂದು ಕಾಣುವುದನ್ನು ಈ ಆಟದಲ್ಲಿ ಡಿಗ್ರಿ ಮತ್ತು ದಶಮಾಂಶ ಮಿನಿಟ್‌ಗಳಲ್ಲಿ ಬರೆಯುತ್ತಾರೆ. 0.4321ನ್ನು 60ರಿಂದ ಗುಣಿಸಿದರೆ 25.926, ಅಂದರೆ 12° 25.926'. ಇದನ್ನೇ ಯಾರಾದರೂ 12.25926 ಎಂದು ನಕ್ಷೆಗೆ ಹಾಕಿದರೆ 19 ಕಿ.ಮೀ. ದಕ್ಷಿಣಕ್ಕೆ ಜಾರುತ್ತಾರೆ. ಶ್ರೀರಂಗಪಟ್ಟಣದಲ್ಲಿ ಹುಡುಕಬೇಕಾದವರು ಚಾಮುಂಡಿ ಬೆಟ್ಟದ ಆಸುಪಾಸಿನಲ್ಲಿರುತ್ತಾರೆ.

ಎರಡನೆಯದು, ಯಾವ ಅಂಕಿಯನ್ನು ಎಲ್ಲಿ ಕೂರಿಸುತ್ತೀರಿ ಎಂಬುದು. ಕೊನೆಯ ಜಾಗ 'ಉ 12° 25.ಕಖಗ' ಎಂದಿರಲಿ. 'ಗ' ಒಂದು ಅಂಕಿ ತಪ್ಪಿದರೆ 1.8 ಮೀಟರ್ ವ್ಯತ್ಯಾಸ, 'ಖ' ತಪ್ಪಿದರೆ 18, 'ಕ' ತಪ್ಪಿದರೆ 180ರ ಮೇಲೆ. ಸವೆದ 8ನ್ನು 3 ಎಂದು ಓದಿದವರು 'ಗ'ದಲ್ಲಾದರೆ 9 ಮೀಟರ್ ಆಚೀಚೆ ಇರುತ್ತಾರೆ, ಹುಡುಕಿಯಾರು. 'ಕ'ದಲ್ಲಾದರೆ 900 ಮೀಟರಿಗೂ ಹೆಚ್ಚು ದೂರ, ಬಹುಶಃ ನದಿಯಲ್ಲಿ! ಆದ್ದರಿಂದ ಕಣ್ಣಿಗೆ ಹೊಡೆಯುವಂಥ ಸ್ಪಷ್ಟ ಅಂಕಿ 'ಕ'ಗೆ, ಮಸುಕಾದದ್ದು 'ಗ'ಕ್ಕೆ. ಕೊನೆಗೆ "ಅಕ್ಷಾಂಶದ ಮೂರು, ರೇಖಾಂಶದ ಮೂರು, ಒಟ್ಟು ಆರೂ ಅಂಕಿಗಳ ಮೊತ್ತ ಇಷ್ಟು" ಎಂದು ತಾಳೆ ನೋಡಲು ಕೊಡಿ. ಎರಡು ಅಂಕಿ ಅದಲುಬದಲಾದರೆ ಮೊತ್ತ ಅದೇ ಬರುತ್ತದೆಂಬುದು ನೆನಪಿರಲಿ. ಅದಕ್ಕೆ ಅಕ್ಷಾಂಶಕ್ಕೊಂದು, ರೇಖಾಂಶಕ್ಕೊಂದು ಬೇರೆ ಮೊತ್ತ ಕೊಟ್ಟು, ಜೊತೆಗೆ ಒಂದು ಸುಳಿವು ಮಾತನ್ನೂ ಸೇರಿಸುವುದು ಮೇಲು.

ಮೂರನೆಯದು ಪ್ರಶ್ನೆಯ ಮಾತು. "ವಯಸ್ಸು ಎಷ್ಟು?" ಎಂದು ಕೇಳಬೇಡಿ. ಆ ಕಾಲದ ಕಲ್ಲುಗಳಲ್ಲಿ ಇಂಗ್ಲಿಷಿನಲ್ಲಿ "ತನ್ನ ವಯಸ್ಸಿನ 28ನೇ ವರ್ಷದಲ್ಲಿ ತೀರಿಕೊಂಡ" ಎಂಬಂತೆ ಬರೆದಿರುವುದುಂಟು. ನಮ್ಮಲ್ಲಿ "ಅವನಿಗೆ 28 ನಡೀತಿತ್ತು" ಅನ್ನುತ್ತೇವಲ್ಲ, ಹಾಗೆ. ತುಂಬಿದ್ದು 27. "ಮೂರನೇ ಸಾಲಿನಲ್ಲಿ ಕೆತ್ತಿರುವ ಎರಡಂಕಿ ಸಂಖ್ಯೆ" ಎಂದು ಕೇಳಿದರೆ ಜಗಳವಿಲ್ಲ.

ಪ್ರಶ್ನೆ: ಅಕ್ಷರ ಸವೆದ ಕಲ್ಲಿಗೆ ಸೀಮೆಸುಣ್ಣ ಉಜ್ಜಿದರೆ ಓದಲು ಬರುತ್ತದೆ ಎನ್ನುತ್ತಾರೆ. ಸರಿಯೇ?
(ಮಡಿಕೇರಿ)

ಉತ್ತರ: ಓದಲು ಬರುತ್ತದೆ, ಕಲ್ಲು ಕೆಡುತ್ತದೆ. ಸೀಮೆಸುಣ್ಣ ಸವೆದ ಮೈಯನ್ನು ಇನ್ನಷ್ಟು ಕೆರೆಯುತ್ತದೆ. ಶೇವಿಂಗ್ ಫೋಮ್ ಬಳಿಯುವವರಿದ್ದಾರೆ, ಅದರ ಆಮ್ಲದಂಶ ಕಲ್ಲಿನ ರಂಧ್ರಗಳಲ್ಲಿ ಉಳಿಯುತ್ತದೆ. ಹಿಟ್ಟು ಬಳಿದರೆ ಬೂಷ್ಟು, ಇರುವೆ. ತಂತಿ ಬ್ರಷ್ಷಿನ ಹೆಸರೇ ಎತ್ತಬೇಡಿ.

ಬೇಕಾದದ್ದು ಓರೆ ಬೆಳಕು ಮಾತ್ರ. ಮಲಗಿಸಿದ ಕಲ್ಲಾದರೆ ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಬಿಸಿಲು ಕಲ್ಲಿನ ಮೈಗೆ ಸವರಿಕೊಂಡು ಬೀಳುವಾಗ ನೋಡಿ, ಕೆತ್ತಿದ ಗುಳಿಯಲ್ಲಿ ನೆರಳು ತುಂಬಿಕೊಳ್ಳುತ್ತದೆ. ನಡುಮಧ್ಯಾಹ್ನ ಹೋದರೆ ಅದೇ ಕಲ್ಲು ಬೋಳಾಗಿ ಕಾಣುತ್ತದೆ. ಮರದ ನೆರಳಿನಲ್ಲಿದ್ದರೆ ಒಂದಡಿ ಅಗಲದ ಕನ್ನಡಿಯಿಂದ ಬಿಸಿಲನ್ನು ಪಕ್ಕದಿಂದ ಹಾಯಿಸಿ, ಅಥವಾ ಟಾರ್ಚನ್ನು ಕಲ್ಲಿನ ಅಂಚಿಗೆ ಸಮವಾಗಿ ಹಿಡಿದು ಮೊದಲು ಎಡದಿಂದ, ಆಮೇಲೆ ಮೇಲಿನಿಂದ ಫೋಟೋ ತೆಗೆಯಿರಿ. ಅಡ್ಡಗೆರೆಗಳು ಮೇಲಿನ ಬೆಳಕಿಗೆ ಏಳುತ್ತವೆ, ಉದ್ದಗೆರೆಗಳು ಪಕ್ಕದ ಬೆಳಕಿಗೆ. 1 ಮತ್ತು 7ರ ಗೊಂದಲ ಅಲ್ಲಿಗೆ ತೀರುತ್ತದೆ. ಇಷ್ಟಾದರೂ ಓದಲಾಗದ ಕಲ್ಲನ್ನು ಸುಳಿವಿಗೆ ಆರಿಸಲೇಬೇಡಿ.

ಪ್ರಶ್ನೆ: ಬ್ರಿಸ್ಟಲಿನಲ್ಲಿದ್ದೇವೆ. ಇಲ್ಲಿನ ಆರ್ನೋಸ್ ವೇಲ್ ಸಿಮೆಟ್ರಿಯಲ್ಲಿ ರಾಜಾ ರಾಮಮೋಹನ ರಾಯರ ಸಮಾಧಿಯನ್ನು ಸುಳಿವಾಗಿ ಬಳಸಬಹುದೇ? ರಜೆಗೆ ಊರಿಗೆ ಬಂದಾಗ ಅಲ್ಲೂ ಒಂದು ಡಬ್ಬಿ ಇಡುವಾಸೆ.
(ಬ್ರಿಟನ್)

ಉತ್ತರ: ಆವರಣ ನೋಡಿಕೊಳ್ಳುವವರು ಒಪ್ಪಿದರೆ ಬಳಸಬಹುದು. ಒಂದು ಎಚ್ಚರಿಕೆ: ರಾಯರು ತೀರಿಕೊಂಡದ್ದು 1833ರ ಸೆಪ್ಟೆಂಬರ್ 27ರಂದು, ದೇಹವನ್ನು ಮೊದಲು ಹೂಳಿದ್ದ ಸ್ಟೇಪಲ್ಟನ್ನಿನಿಂದ ಈಗಿನ ಜಾಗಕ್ಕೆ ತಂದದ್ದು 1843ರಲ್ಲಿ. "ಇಸವಿಯ ಮೂರನೇ ಅಂಕಿ" ಎಂದು ಕೇಳಿದರೆ ಒಬ್ಬರಿಗೆ 3, ಇನ್ನೊಬ್ಬರಿಗೆ 4. ಇನ್ನೊಂದು ಮಾತು, ಇಷ್ಟು ಹೆಸರಾದವರ ಇಸವಿ ಮನೆಯಲ್ಲಿ ಕೂತೇ ಸಿಗುತ್ತದೆ. ಸಮಾಧಿಯ ಮೇಲಿನ ಛತ್ರಿ ಮಂಟಪದ ಕಂಬ ಎಣಿಸುವಂಥ, ಎದುರು ನಿಂತೇ ಉತ್ತರಿಸಬೇಕಾದ ಪ್ರಶ್ನೆ ಕೇಳಿ.

ಊರಿನ ಡಬ್ಬಿಗೆ ಮಾತ್ರ ಒಪ್ಪಿಗೆ ಸಿಗುವುದು ಕಷ್ಟ. ಇಟ್ಟವರೇ ನೋಡಿಕೊಳ್ಳಬೇಕು, ರಜೆಯಲ್ಲಿ ಇಟ್ಟು ಹೋಗುವಂತಿಲ್ಲ. ಹತ್ತಿರದ ಒಬ್ಬರು ಹೊಣೆ ಹೊತ್ತು, ಅದನ್ನು ಆಟದ ಜಾಲತಾಣದ ಪರಿಶೀಲಕರಿಗೆ ತಿಳಿಸಿದರೆ ಆದೀತು. ಬರುವಾಗ ಗಾರ್ಮಿನ್ ಇನ್‌ರೀಚ್‌ನಂಥ ಉಪಗ್ರಹ ಸಂದೇಶ ಸಾಧನ ತರಬೇಡಿ; ಪರವಾನಗಿ ಇಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವುದು ಅಪರಾಧ, ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದವರಿದ್ದಾರೆ. ಮೊಬೈಲಿನ ಜಿಪಿಎಸ್ ಸಾಕು.

ಪ್ರಶ್ನೆ: ಮಳೆಗಾಲಕ್ಕೆ ಎಂಥ ಡಬ್ಬಿ?
(ಶಿವಮೊಗ್ಗ)

ಉತ್ತರ: ನಾಲ್ಕೂ ಕಡೆ ಕ್ಲಿಪ್ ಬೀಳುವ, ಮುಚ್ಚಳದಲ್ಲಿ ಸಿಲಿಕೋನ್ ರಬ್ಬರ್ ಇರುವ 300ರಿಂದ 500 ಮಿ.ಲೀ. ಪಾರದರ್ಶಕ ಡಬ್ಬಿ. ಚಿಕ್ಕದು ಬೇಕಾದರೆ ಪ್ಲಾಸ್ಟಿಕ್ ಬಾಟಲಿಯಾಗಿ ಊದುವ ಮುನ್ನಿನ ಪ್ರಿಫಾರ್ಮ್ ಕೊಳವೆ. ತಿರುಗಿಸುವ ಮುಚ್ಚಳ ನೀರು ಬಿಡುವುದಿಲ್ಲ. ಹಳೆಯ ಫಿಲಂ ಡಬ್ಬಿ ಒಂದು ಮಳೆಗೇ ಸೋರುತ್ತದೆ. ಒಳಗೆ ಜಿಪ್ ಕವರಿನಲ್ಲಿ ಲಾಗ್, ಒಂದು ಸಿಲಿಕಾ ಜೆಲ್ ಪೊಟ್ಟಣ, ಪೆನ್ಸಿಲ್. ಪೆನ್ನು ಬೇಡ, ತೇವಕ್ಕೆ ಶಾಯಿ ಹರಡುತ್ತದೆ. ಚಾಕಲೇಟು, ಬಿಸ್ಕತ್ತು ಇಟ್ಟರೆ ಇರುವೆ, ಇಲಿ, ಕೋತಿ ನಿಮಗಿಂತ ಮೊದಲು ಲಾಗ್ ಮಾಡುತ್ತವೆ. ಮಣ್ಣು ಅಗೆದು ಹೂಳುವಂತಿಲ್ಲ. ಪಿವಿಸಿ ಪೈಪು, ಕಪ್ಪು ಟೇಪು ಸುತ್ತಿದ ಪೊಟ್ಟಣ ಖಂಡಿತ ಬೇಡ. ಯಾರಾದರೂ ಬಾಂಬ್ ಎಂದು ಪೊಲೀಸರಿಗೆ ಫೋನು ಮಾಡಿದರೆ ಅದು ಅವರ ತಪ್ಪಲ್ಲ. "ಜಿಯೋಕ್ಯಾಶ್ ಆಟದ ಡಬ್ಬಿ, ಅಪಾಯವಿಲ್ಲ" ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೊರಗೆ ಅಂಟಿಸಿ.

ಪ್ರಶ್ನೆ: ಪ್ರೌಢಶಾಲೆಯ 40 ಮಕ್ಕಳನ್ನು ಹಳೆಯ ಸಿಮೆಟ್ರಿಗೆ ಕರೆದೊಯ್ದು ಈ ಆಟ ಆಡಿಸಬಹುದೇ?
(ಮಂಡ್ಯ)

ಉತ್ತರ: ಜಾಲತಾಣದ ಗೊಡವೆಯಿಲ್ಲದೆ, ಕಾಗದದ ಮೇಲೆ ಆಡಿಸಿ. ಐದೈದು ಮಕ್ಕಳ ಎಂಟು ಗುಂಪು, ಎಂಟು ಕಲ್ಲು, ಕಲ್ಲಿಗೆ ಹತ್ತು ನಿಮಿಷ. ಎಲ್ಲರೂ ಒಂದೇ ಕಲ್ಲಿನಿಂದ ಶುರು ಮಾಡಿದರೆ ಮುಂದಿನವರನ್ನು ನೋಡಿ ಬರೆದುಕೊಳ್ಳುತ್ತಾರೆ. ಒಂದೊಂದು ಗುಂಪನ್ನು ಒಂದೊಂದು ಕಲ್ಲಿನಿಂದ ಬಿಡಿ. ಓಡುವಂತಿಲ್ಲ, ಮೊದಲು ಮುಗಿಸಿದವರಿಗೆ ಬಹುಮಾನ ಇಡಬೇಡಿ, ಸರಿ ಉತ್ತರಕ್ಕಿಡಿ. ಡಬ್ಬಿ ಗೇಟಿನ ಹೊರಗೆ ಮೇಷ್ಟ್ರ ಬಳಿ.

ಕಲ್ಲಿಗೆ ಒರಗುವುದನ್ನು ಮಾತ್ರ ಕಡ್ಡಾಯವಾಗಿ ತಡೆಯಿರಿ. ಒಂದು ಮೀಟರ್ ಎತ್ತರ, 60 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪದ ಗ್ರಾನೈಟ್ ಚಪ್ಪಡಿ 160 ಕೆ.ಜಿ. ತೂಗುತ್ತದೆ, ಬುಡದ ಗಾರೆಗೆ ಇನ್ನೂರು ವರ್ಷ. ಪೆಟ್ಟಿಗೆಯಂಥ ಗೋರಿಗಳು ಒಳಗೆ ಟೊಳ್ಳಿರಬಹುದು, ಮೇಲೆ ಹತ್ತಿಸಬೇಡಿ. ಈಗಲೂ ಮಣ್ಣು ಮಾಡುವ ಜಾಗವಾದರೆ ಅಂತ್ಯಕ್ರಿಯೆ ಇರುವ ದಿನವೂ, ಸತ್ತವರ ಸ್ಮರಣೆಗೆ ಕುಟುಂಬಗಳು ಬರುವ ನವೆಂಬರ್ 2ರಂದೂ ಹೋಗಬೇಡಿ.

ಪ್ರಶ್ನೆ: ಎರಡು ಸಲ ಹೋದರೂ ಡಬ್ಬಿ ಸಿಗಲಿಲ್ಲ. ಕಳೆದುಹೋಗಿದೆ ಎಂದು ನಾವೇ ಹೊಸದೊಂದು ಇಡಬಹುದೇ?
(ಧಾರವಾಡ)

ಉತ್ತರ: ಬೇಡ. ಹಳೆಯದು ಅಲ್ಲೇ ಇದ್ದರೆ ಎರಡು ಡಬ್ಬಿಯಾಗಿ ಮುಂದಿನವರಿಗೆ ಗೊಂದಲ. ಜಾಲತಾಣದಲ್ಲಿ "ಸಿಗಲಿಲ್ಲ" ಎಂದು ಲಾಗ್ ಮಾಡಿ, ಎಲ್ಲೆಲ್ಲಿ ನೋಡಿದಿರೆಂದು ಇಟ್ಟವರಿಗೆ ಸಂದೇಶ ಕಳಿಸಿ. ಅದಕ್ಕೂ ಮೊದಲು ನಿಮ್ಮ ಅಂಕಿಗಳನ್ನು ಕೂಡಿ, ಮೊತ್ತ ತಾಳೆಯಾಗುತ್ತದೋ ಇಲ್ಲವೋ ನೋಡಿ.