ಓಡುತ್ತಿರುವ ಆ್ಯಪ್‌ನ ಮೆಮೊರಿಗೇ ಕೈ ಹಾಕಿದರೆ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಮೂರು ಒಂದೇ ವಿಷಯದ ಸುತ್ತ ಇವೆ. ಅದಕ್ಕೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕೆಲವರು ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಎಲ್ಲರದೂ ಬಿಟ್ಟಿದ್ದೇನೆ.

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ ಕೋಲಾರದಲ್ಲಿ ಒಂದು ಆ್ಯಂಡ್ರಾಯ್ಡ್ ಆ್ಯಪ್ ಮಾಡಿದ್ದೇವೆ. ಟೊಮೆಟೊ ಬೆಳೆಗಾರರು ಅದರಲ್ಲಿ ಸಸಿ, ಗೊಬ್ಬರ, ಡ್ರಿಪ್ ಸಾಮಾನು ತರಿಸಿಕೊಳ್ಳುತ್ತಾರೆ. ಪ್ರತಿ ಖರೀದಿಗೂ ಪಾಯಿಂಟ್ ಸಿಗುತ್ತದೆ. ಅದನ್ನು ಮುಂದಿನ ಬಿಲ್ಲಿನಲ್ಲಿ ಕಳೆದುಕೊಳ್ಳಬಹುದು. ಮೊನ್ನೆ ಒಬ್ಬ ಹುಡುಗ ನಮ್ಮ ಎದುರೇ ರೂಟ್ ಮಾಡಿದ (ಬೀಗಗಳನ್ನೆಲ್ಲ ತೆಗೆದು ಪೂರ್ತಿ ಹಿಡಿತ ಪಡೆದ) ಫೋನಿನಲ್ಲಿ 240 ಪಾಯಿಂಟನ್ನು 24,000 ಮಾಡಿ ತೋರಿಸಿದ. ಆರ್ಡರ್ ಕೂಡ ಹೋಯಿತು! ನಾವು ಆರ್8 ಅನ್ನೋ ಟೂಲ್ ಹಾಕಿ ಕೋಡ್ ಅಬ್‌ಫಸ್ಕೇಟ್ ಮಾಡಿದ್ದೆವು, ಅಂದರೆ ಓದಿದವರಿಗೆ ಅರ್ಥವಾಗದ ಹಾಗೆ ಮಾಡಿದ್ದೆವು. ಆದರೂ ಹೇಗಾಯಿತು? ರಕ್ಷಣೆಗೆ ಅಂತ ಎಸ್‌ಡಿಕೆ (ಆ್ಯಪ್‌ನೊಳಗೆ ಸೇರಿಸುವ ಸಿದ್ಧ ಕೋಡ್) ಮಾರುವವರಿದ್ದಾರೆ. ಅದನ್ನು ಕೊಂಡರೆ ಸಾಕಾ?

ಉತ್ತರ: ಮೊದಲು ಆ ಹುಡುಗನಿಗೆ ಒಂದು ಒಳ್ಳೆ ಊಟ ಹಾಕಿಸಿ. ತೋರಿಸದೆ ಸುಮ್ನೆ ಆರ್ಡರ್ ಹಾಕುತ್ತಾ ಹೋಗಿದ್ದರೆ ನಿಮಗೆ ಗೊತ್ತಾಗುವುದು ವರ್ಷದ ಲೆಕ್ಕ ಮುಗಿಸುವಾಗಲೇ.

ಅವನು ಮಾಡಿದ್ದು ದೊಡ್ಡ ವಿದ್ಯೆಯೇನಲ್ಲ. ಗೇಮ್‌ಗಾರ್ಡಿಯನ್ ತರಹದ ಟೂಲ್ ತೆರೆದು, ನಿಮ್ಮ ಆ್ಯಪ್‌ನ ಮೆಮೊರಿಯಲ್ಲಿ 240 ಎಲ್ಲೆಲ್ಲಿದೆ ಅಂತ ಹುಡುಕಿರುತ್ತಾನೆ. ಸಾವಿರಾರು ಜಾಗ ಸಿಗುತ್ತದೆ. ಆಮೇಲೆ ಸ್ವಲ್ಪ ಪಾಯಿಂಟ್ ಖರ್ಚು ಮಾಡುತ್ತಾನೆ. ಈಗ 230 ಆಯಿತು ಅಂತಿಟ್ಟುಕೊಳ್ಳಿ. ಮೊದಲು 240 ಇದ್ದು ಈಗ 230 ಆಗಿರುವ ಜಾಗಗಳನ್ನಷ್ಟೇ ಉಳಿಸಿಕೊಳ್ಳುತ್ತಾನೆ. ಹೀಗೆ ಒಂದೆರಡು ಸಲ ಸೋಸಿದರೆ ನಿಜವಾದ ಜಾಗ ಸಿಕ್ಕೇಬಿಡುತ್ತದೆ. ಅಲ್ಲಿ ಬೇಕಾದ ಸಂಖ್ಯೆ ಬರೆದರೆ ಮುಗಿಯಿತು. ಆರ್8 ಬದಲಿಸುವುದು ಕ್ಲಾಸಿನ ಹೆಸರು, ಫಂಕ್ಷನ್ ಹೆಸರು. ಓಡುವಾಗ ಮೆಮೊರಿಯಲ್ಲಿ ಕೂತಿರುವ 240 ಅನ್ನೋ ಸಂಖ್ಯೆಯನ್ನು ಅದು ಮುಟ್ಟುವುದೇ ಇಲ್ಲ.

ಒಂದು ಆ್ಯಪ್ ಇನ್ನೊಂದರ ಮೆಮೊರಿ ನೋಡುವಂತಿಲ್ಲ ಅಲ್ವಾ ಅಂತ ನೀವು ಕೇಳಬಹುದು. ಸರಿ, ಆ್ಯಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್‌ಗೂ ಬೇರೆ ಯೂಸರ್ ಐಡಿ ಕೊಟ್ಟು ಒಳಗಿನ ಲಿನಕ್ಸ್ ಕರ್ನಲ್ (ಫೋನನ್ನು ನಡೆಸುವ ಮೂಲ ಸಾಫ್ಟ್‌ವೇರ್) ಬೇರೆ ಬೇರೆ ಇಡುತ್ತದೆ. ರೂಟ್ ಸಿಕ್ಕವನಿಗೆ ಆ ಗೋಡೆ ಇಲ್ಲ. ರೂಟ್ ಇಲ್ಲದೆಯೂ ಎರಡು ದಾರಿ ಇವೆ. ನಿಮ್ಮ ಎಪಿಕೆ (ಆ್ಯಪ್‌ನ ಇನ್‌ಸ್ಟಾಲ್ ಫೈಲ್) ಬಿಚ್ಚಿ, ಓಡುವ ಆ್ಯಪ್‌ನ ಕೆಲಸ ಬದಲಿಸುವ ಫ್ರಿಡಾ ಟೂಲಿನ ಗ್ಯಾಜೆಟ್ ಅನ್ನೋ ಲೈಬ್ರರಿ ಒಳಗೆ ತುರುಕಿ, ತಮ್ಮದೇ ಕೀಯಿಂದ ಸೈನ್ ಮಾಡಿ (ಡಿಜಿಟಲ್ ಸಹಿ ಹಾಕಿ) ಮತ್ತೆ ಇನ್‌ಸ್ಟಾಲ್ ಮಾಡುವುದು ಒಂದು. ವರ್ಚುವಲ್ ಸ್ಪೇಸ್ ಆ್ಯಪ್‌ನೊಳಗೆ ನಿಮ್ಮ ಆ್ಯಪನ್ನೂ ಟೂಲನ್ನೂ ಒಟ್ಟಿಗೆ ಓಡಿಸುವುದು ಇನ್ನೊಂದು. ಅಲ್ಲಿ ಎರಡಕ್ಕೂ ಒಂದೇ ಯೂಸರ್ ಐಡಿ, ಹಾಗಾಗಿ ಬೇಲಿಯೇ ಇರುವುದಿಲ್ಲ. ಫ್ರಿಡಾ ಬಂದರಂತೂ ಸಂಖ್ಯೆ ಹುಡುಕುವ ಕಷ್ಟವೂ ಬೇಡ. ನಿಮ್ಮ ಫಂಕ್ಷನ್ನನ್ನೇ ಹಿಡಿದು, "ಬ್ಯಾಲೆನ್ಸ್ ಸಾಕಾ?" ಅಂತ ಕೇಳಿದಾಗೆಲ್ಲ "ಸಾಕು" ಅನ್ನಿಸಬಹುದು.

ಈಗ ನಿಜವಾದ ತಪ್ಪಿಗೆ ಬರೋಣ. ಮೆಮೊರಿ ಬದಲಾಯಿತು, ಆಗಲಿ. ಆರ್ಡರ್ ಹೇಗೆ ಹೋಯಿತು? ನಿಮ್ಮ ಸರ್ವರ್ ಆ್ಯಪ್ ಹೇಳಿದ ಬ್ಯಾಲೆನ್ಸನ್ನು ನಂಬಿತು, ಅದಕ್ಕೆ. ಇದು ಅಂಗಡಿಯ ಸಾಲದ ಪುಸ್ತಕವನ್ನು ಗಿರಾಕಿ ಕೈಗೇ ಕೊಟ್ಟು, ನಿನ್ನ ಬಾಕಿ ನೀನೇ ಬರ್ಕೋ ಅಂದ ಹಾಗೆ. ಪಾಯಿಂಟಿನ ಖಾತೆ ಸರ್ವರ್‌ನಲ್ಲಿ ಇರಬೇಕು. ಆ್ಯಪ್ "ಈ ಗಿರಾಕಿಗೆ ಈ ಸಾಮಾನು ಇಷ್ಟು ಬೇಕು" ಅಂತ ಮಾತ್ರ ಕಳಿಸಬೇಕು. ದರ, ರಿಯಾಯಿತಿ, ಉಳಿದ ಪಾಯಿಂಟ್ ಎಲ್ಲವನ್ನೂ ಸರ್ವರ್ ತನ್ನ ಡೇಟಾಬೇಸ್ ನೋಡಿಯೇ ಲೆಕ್ಕ ಹಾಕಬೇಕು. ಹಾಗೆ ಮಾಡಿದರೆ ಆ 24,000 ಅವನ ಪರದೆಯ ಮೇಲೆ ಎಷ್ಟು ಹೊತ್ತು ಬೇಕಾದರೂ ಇರಲಿ, ನಿಮಗೆ ಒಂದು ಪೈಸೆ ನಷ್ಟ ಇಲ್ಲ. ಇದನ್ನು ಬದಲಿಸುವಾಗಲೇ ಇನ್ನೊಂದು ನೋಡಿ: ಗೊಬ್ಬರದ ಚೀಲ ಮೈನಸ್ ಐದು ಅಂತ ಕಳಿಸಿದರೆ ನಿಮ್ಮ ಸರ್ವರ್ ಏನು ಮಾಡುತ್ತದೆ? ಬಹಳ ಕಡೆ ದುಡ್ಡು ವಾಪಸ್ ಜಮಾ ಆಗುತ್ತದೆ!

ಇಷ್ಟು ಮಾಡುವವರೆಗೆ ಎಸ್‌ಡಿಕೆ ಮಾತು ಬೇಡ. ದುಡ್ಡು ದಂಡ.

ಎಲ್ಲವನ್ನೂ ಸರ್ವರ್‌ಗೆ ಒಯ್ಯಲು ಆಗುವುದಿಲ್ಲ ಅನ್ನೋದು ನನಗೂ ಗೊತ್ತು. ಶ್ರೀನಿವಾಸಪುರ, ಮುಳಬಾಗಿಲು ಕಡೆ ತೋಟದಲ್ಲಿ ನಿಂತವರಿಗೆ ಸಿಗ್ನಲ್ ಇರದೇ ಹೋಗಬಹುದು. ಆಫ್‌ಲೈನ್ ಆರ್ಡರ್ ಬೇಕೇ ಬೇಕು ಅಂತಾದರೆ, ಪ್ರತಿ ನಮೂದಿಗೂ ಕ್ರಮಸಂಖ್ಯೆ ಕೊಡಿ. ಹಿಂದಿನ ನಮೂದಿನ ಹ್ಯಾಶ್ (ಒಂದಕ್ಷರ ತಿದ್ದಿದರೂ ಬದಲಾಗುವ ಗುರುತು) ಸೇರಿಸಿ. ಕೀಗಳನ್ನು ಭದ್ರವಾಗಿಡುವ ಆ್ಯಂಡ್ರಾಯ್ಡ್ ಕೀಸ್ಟೋರ್‌ನಲ್ಲಿರುವ ಕೀಯಿಂದ ಸೈನ್ ಮಾಡಿ. ಸಿಗ್ನಲ್ ಬಂದಾಗ ಸರ್ವರ್ ಸಾಲಾಗಿ ತಾಳೆ ನೋಡಲಿ. ಆಗ ಹಳೆಯ ನಮೂದನ್ನು ಸದ್ದಿಲ್ಲದೆ ತಿದ್ದುವುದು, ಮಧ್ಯದಿಂದ ಒಂದನ್ನು ಎತ್ತಿಬಿಡುವುದು ಕಷ್ಟ. ಆದರೆ ಕೀಸ್ಟೋರ್‌ನ ಮಿತಿ ತಿಳಿದಿರಲಿ. ಕೀಯನ್ನು ಕದ್ದುಕೊಂಡು ಹೋಗಲು ಅದು ಬಿಡುವುದಿಲ್ಲ, ನಿಜ. ರೂಟ್ ಇರುವವನು ಸೈನ್ ಆಗುವ ಮೊದಲೇ ಮೊತ್ತ ತಿದ್ದಿದರೆ, ಸುಳ್ಳಿಗೂ ಅದು ಸಹಿ ಹಾಕಿಕೊಡುತ್ತದೆ. ಹಾಗಾಗಿ ಆಫ್‌ಲೈನ್‌ನಲ್ಲಿ ಪಾಯಿಂಟ್ ಬಳಸಲು ಒಂದು ಸಣ್ಣ ಮಿತಿ ಇಡಿ. ಮೋಸ ಆದರೂ ನಿಮ್ಮ ನಷ್ಟ ಆ ಮಿತಿ ದಾಟಬಾರದು. ಎಷ್ಟು ಅನ್ನೋದನ್ನು ಪ್ರೋಗ್ರಾಮರ್ ಬಿಟ್ಟು, ಲೆಕ್ಕ ನೋಡುವ ಗೆಳೆಯ ಹೇಳಲಿ.

ಮುಂದಿನ ಪದರ ಪ್ಲೇ ಇಂಟೆಗ್ರಿಟಿ. ಹಳೆಯ ಸೇಫ್ಟಿನೆಟ್ ಜಾಗಕ್ಕೆ ಗೂಗಲ್ ತಂದದ್ದು ಇದು. ಆ್ಯಪ್ ನೀವು ಪ್ಲೇ ಸ್ಟೋರ್‌ಗೆ ಹಾಕಿದ್ದೇನಾ ಅಥವಾ ಯಾರಾದರೂ ಬಿಚ್ಚಿ ಕಟ್ಟಿದ್ದಾ, ಫೋನು ನಂಬಬಹುದಾದ್ದಾ ಅಂತ ಇದು ಹೇಳುತ್ತದೆ. ಉತ್ತರ ಬರುವ ಟೋಕನ್ನನ್ನು (ಮುಚ್ಚಿದ ಚೀಟಿ ಅಂದುಕೊಳ್ಳಿ) ನಿಮ್ಮ ಸರ್ವರ್‌ಗೆ ಕಳಿಸಿ ಅಲ್ಲೇ ಬಿಡಿಸಿ. ಆ್ಯಪ್‌ನೊಳಗೇ ನೋಡಿ "ಸರಿ ಇದೆ" ಅಂತ ತೀರ್ಮಾನಿಸಿದರೆ ಫ್ರಿಡಾ ಆ ತೀರ್ಮಾನವನ್ನೇ ಬದಲಿಸುತ್ತದೆ. ಕೋರಿಕೆಗೆ ಆ ಆರ್ಡರಿನ ಹ್ಯಾಶ್ ಕಟ್ಟಿ, ಇಲ್ಲದಿದ್ದರೆ ಒಳ್ಳೆ ಫೋನಿನ ಟೋಕನ್ ತಂದು ಕೆಟ್ಟ ಫೋನಿನ ಆರ್ಡರಿಗೆ ಅಂಟಿಸುತ್ತಾರೆ. ದಿನಕ್ಕೆ 10,000 ಕೋರಿಕೆ ಮಾಮೂಲಿ ಮಿತಿ, ನಿಮಗೆ ಸದ್ಯಕ್ಕೆ ಸಾಕು. ಪ್ರತಿ ಪರದೆಗೂ ಕೇಳಬೇಡಿ. ಪಾಯಿಂಟ್ ಖರ್ಚಾಗುವಾಗ ಕೇಳಿ.

ಇಲ್ಲೊಂದು ಎಚ್ಚರಿಕೆ. ಇದರಲ್ಲಿ ಬೇಸಿಕ್, ಡಿವೈಸ್, ಸ್ಟ್ರಾಂಗ್ ಅಂತ ಮೂರು ಹಂತ ಇವೆ. ಸ್ಟ್ರಾಂಗ್ ಅನ್ನೋದು ಆ್ಯಂಡ್ರಾಯ್ಡ್ 13 ಮತ್ತು ಮೇಲಿನ ಫೋನುಗಳಲ್ಲಿ ಕಳೆದ ಒಂದು ವರ್ಷದೊಳಗಿನ ಸೆಕ್ಯುರಿಟಿ ಅಪ್‌ಡೇಟ್ ಇದ್ದರೆ ಮಾತ್ರ ಸಿಗುತ್ತದೆ. ನಿಮ್ಮ ರೈತರ ಕೈಯಲ್ಲಿರುವ ಎಷ್ಟು ಫೋನಿಗೆ ಅಪ್‌ಡೇಟ್ ನಿಂತುಹೋಗಿದೆಯೋ! ಮೊದಲ ದಿನವೇ ಸ್ಟ್ರಾಂಗ್ ಇಲ್ಲದವರನ್ನು ಹೊರಗೆ ಹಾಕಿದರೆ ಮೋಸಗಾರ ಒಬ್ಬ ಹೋಗುತ್ತಾನೆ, ಪ್ರಾಮಾಣಿಕ ಗಿರಾಕಿಗಳು ಜಾಸ್ತಿ ಹೋಗುತ್ತಾರೆ. ಮೊದಲು ಸ್ವಲ್ಪ ದಿನ ಸುಮ್ಮನೆ ದಾಖಲಿಸಿ ನೋಡಿ. ಆಮೇಲೆ ಡಿವೈಸ್ ಹಂತವೂ ದಾಟದ ಫೋನಿಗೆ ಪಾಯಿಂಟ್ ಬಳಕೆ ನಿಲ್ಲಿಸಿ, ದುಡ್ಡು ಕೊಟ್ಟು ಕೊಳ್ಳುವುದನ್ನು ಬಿಡಿ. ಇದನ್ನೂ ಏಮಾರಿಸುವವರಿದ್ದಾರೆ, ಪೂರ್ತಿ ನಂಬುವ ಹಾಗಿಲ್ಲ.

ಕೊನೆಗೆ ಆ್ಯಪ್‌ನೊಳಗಿನ ಕಾವಲು. ನಿಮ್ಮ ಪ್ರೊಸೆಸ್‌ನ (ಓಡುತ್ತಿರುವ ಆ್ಯಪ್‌ನ) ಸ್ಟೇಟಸ್ ಫೈಲಿನಲ್ಲಿ ಟ್ರೇಸರ್‌ಪಿಡ್ ಅನ್ನೋ ಸಾಲಿನಲ್ಲಿ ಸೊನ್ನೆ ಬಿಟ್ಟು ಬೇರೇನಾದರೂ ಇದ್ದರೆ ಯಾರೋ ಡಿಬಗರ್ (ಆ್ಯಪ್‌ನ ಒಳಗನ್ನು ಹೆಜ್ಜೆ ಹೆಜ್ಜೆಗೂ ನೋಡುವ ಟೂಲ್) ಅಂಟಿಸಿದ್ದಾರೆ. ಮೆಮೊರಿಯಲ್ಲಿ ಏನೇನಿದೆ ಅಂತ ಪಟ್ಟಿ ಕೊಡುವ ಮ್ಯಾಪ್ಸ್ ಫೈಲಿನಲ್ಲಿ ನಿಮ್ಮದಲ್ಲದ ಲೈಬ್ರರಿ ಕಾಣಬಹುದು. ಫ್ರಿಡಾ ಸರ್ವರ್ ಮಾಮೂಲಾಗಿ 27042ನೇ ಪೋರ್ಟಿನಲ್ಲಿ ಕೂರುತ್ತದೆ. ಆ್ಯಪ್‌ನ ಸಹಿ ನಿಮ್ಮದೇನಾ ಅಂತಲೂ ನೋಡಬಹುದು. ಪಾಯಿಂಟ್ ಸಂಖ್ಯೆಯನ್ನು ಹಾಗೇ ಇಡದೆ, ಪ್ರತಿ ಸಲ ಬದಲಾಗುವ ಒಂದು ಸಂಖ್ಯೆಯ ಜೊತೆ ಎಕ್ಸ್‌ಓಆರ್ ಮಾಡಿ (ಬಿಟ್‌ಗಳನ್ನು ಬೆರೆಸಿ), ಪಕ್ಕದಲ್ಲಿ ಚೆಕ್‌ಸಮ್ (ತಾಳೆ ನೋಡುವ ಸಂಖ್ಯೆ) ಇಟ್ಟರೆ ಬರೀ ಹುಡುಕಿ ತಿದ್ದುವವರು ಸುಸ್ತಾಗುತ್ತಾರೆ. ಇವನ್ನು ಆ್ಯಪ್ ಬರೆಯುವ ಕೋಟ್ಲಿನ್ ಭಾಷೆಯಲ್ಲಿ ಒಂದೇ ಕಡೆ ಬರೆಯಬೇಡಿ. ನೇಟಿವ್ ಕೋಡಿನಲ್ಲಿ (ಸಿ, ಸಿ++ ತರಹದ ಭಾಷೆಯಲ್ಲಿ ಬರೆದದ್ದು) ಅಲ್ಲಲ್ಲಿ ಹರಡಿ. ಸಿಕ್ಕಿಬಿದ್ದ ತಕ್ಷಣ "ರೂಟ್ ಪತ್ತೆಯಾಗಿದೆ" ಅಂತ ತೋರಿಸಿ ಆ್ಯಪ್ ಮುಚ್ಚುವುದು ಬಹಳ ಜನ ಮಾಡುವ ಕೆಲಸ. ಅದು ತಿದ್ದುವವನಿಗೆ ದಾರಿ ತೋರಿಸಿದ ಹಾಗೆಯೇ. ಆ ವಾಕ್ಯ ಹುಡುಕಿದರೆ ಚೆಕ್ ಎಲ್ಲಿದೆ ಅಂತ ಸಿಗುತ್ತದೆ. ಸದ್ದಿಲ್ಲದೆ ಸರ್ವರ್‌ಗೆ ತಿಳಿಸಿ, ಏನು ಮಾಡಬೇಕು ಅಂತ ಅಲ್ಲಿ ತೀರ್ಮಾನಿಸಿ.

ಎಸ್‌ಡಿಕೆ ಮಾರುವವರು ಕೊಡುವುದು ಹೆಚ್ಚುಕಡಿಮೆ ಈ ಕೊನೆಯ ಪದರ, ಸ್ವಲ್ಪ ಗಟ್ಟಿಯಾಗಿ. ಕೆಟ್ಟದ್ದಲ್ಲ. ಅವರನ್ನು ಒಂದೇ ಮಾತು ಕೇಳಿ: ನಿಮ್ಮ ಎಸ್‌ಡಿಕೆ ಕಂಡಿದ್ದು ನಮ್ಮ ಸರ್ವರ್‌ಗೆ ತಿದ್ದಲಾಗದ ರೀತಿ ತಲುಪುತ್ತದಾ, ಅಥವಾ ಫೋನಿನಲ್ಲೇ ಉಳಿಯುತ್ತದಾ? ಉತ್ತರ ಸುತ್ತಿ ಬಳಸಿ ಬಂದರೆ ಟೀ ಕುಡಿಸಿ ಕಳಿಸಿ.

ಪ್ರಶ್ನೆ: ನಾನು ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಪಾಸ್‌ವರ್ಡ್ ಮ್ಯಾನೇಜರ್ ಆ್ಯಪ್ ಮಾಡುತ್ತಿದ್ದೇನೆ. ಪಾಸ್‌ವರ್ಡನ್ನು ಸ್ಟ್ರಿಂಗ್‌ನಲ್ಲಿ (ಅಕ್ಷರಗಳ ಸಾಲಾಗಿ) ಇಡಬೇಡಿ ಅಂತ ಗೈಡ್ ಹೇಳಿದರು, ಯಾಕೆ ಅಂತ ಹೇಳಲಿಲ್ಲ. ಬೆರಳಚ್ಚು ಹಾಕಿದ್ದೇನೆ, ಅಷ್ಟು ಸಾಲದೇ? ಮೆಮೊರಿ ಟ್ಯಾಗಿಂಗ್ ಇರುವ ಹೊಸ ಫೋನುಗಳಲ್ಲಿ ಈ ತೊಂದರೆ ಇಲ್ಲ ಅಂತ ಸ್ನೇಹಿತೆ ಹೇಳುತ್ತಾಳೆ. ಫ್ರಿಡಾ ಕಲಿಯಲು ಬೇರೆ ಆ್ಯಪ್‌ಗಳ ಮೇಲೆ ಪ್ರಯೋಗ ಮಾಡಬಹುದಾ?

ಉತ್ತರ: ಜಾವಾ, ಕೋಟ್ಲಿನ್‌ನಲ್ಲಿ ಸ್ಟ್ರಿಂಗನ್ನು ಒಮ್ಮೆ ಮಾಡಿದ ಮೇಲೆ ತಿದ್ದಲು ಆಗುವುದಿಲ್ಲ. ಅಂದರೆ ಅಳಿಸಲೂ ಆಗುವುದಿಲ್ಲ. ನೀವು ಬಿಟ್ಟರೂ ಬೇಡದ್ದನ್ನು ಗುಡಿಸುವ ಗಾರ್ಬೇಜ್ ಕಲೆಕ್ಟರ್ ಬರುವವರೆಗೆ ಅದು ಅಲ್ಲೇ ಇರುತ್ತದೆ. ಆ ಹೊತ್ತಿಗೆ ಮೆಮೊರಿ ಡಂಪ್ (ಮೆಮೊರಿಯ ನಕಲು) ತೆಗೆದವನಿಗೆ ಪಾಸ್‌ವರ್ಡ್ ಓದುವ ಅಕ್ಷರದಲ್ಲೇ ಸಿಗುತ್ತದೆ. ತಿದ್ದಬಹುದಾದ ಬೈಟ್ ಅರೇ ಅಥವಾ ಕ್ಯಾರ್ ಅರೇ ಆದರೆ ಕೆಲಸ ಮುಗಿದ ಕೂಡಲೇ ಸೊನ್ನೆ ತುಂಬಬಹುದು. ಗಮನಿಸಿ, ಬರೆಯುವ ಬಾಕ್ಸಿನಿಂದ ತೆಗೆಯುವಾಗ ಅಭ್ಯಾಸಬಲದಿಂದ ಟುಸ್ಟ್ರಿಂಗ್ (ಸ್ಟ್ರಿಂಗ್ ಆಗಿ ಬದಲಿಸುವ ಆಜ್ಞೆ) ಹಾಕಿದರೆ ಮುಂದೆ ಎಷ್ಟು ಅಳಿಸಿದರೂ ಆ ಪ್ರತಿ ಉಳಿದುಬಿಡುತ್ತದೆ. ಕಲೆಕ್ಟರ್ ಅರೇಯನ್ನೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎತ್ತಿಡುವುದುಂಟು, ಹಾಗಾಗಿ ಹಳೆಯ ಜಾಗದಲ್ಲಿ ಗುರುತು ಉಳಿಯಬಹುದು. ಇದು ಸಮಯ ಕಡಿಮೆ ಮಾಡುವ ಉಪಾಯ, ಅಷ್ಟೇ. ಗೈಡ್ ಹೇಳಿದ್ದು ಸರಿ.

ಬೆರಳಚ್ಚಿನ ವಿಷಯ ಇದಕ್ಕಿಂತ ಮುಖ್ಯ. "ಬೆರಳಚ್ಚು ಸರಿ ಇದೆ" ಅನ್ನೋ ಕಾಲ್‌ಬ್ಯಾಕ್ (ಫೋನಿನಿಂದ ಆ್ಯಪ್‌ಗೆ ಬರುವ ಸೂಚನೆ) ಬಂದಾಗ ಮುಂದಿನ ಪರದೆ ತೆರೆಯುವಂತೆ ಬರೆದಿದ್ದರೆ, ಫ್ರಿಡಾದಲ್ಲಿ ಕೆಲವೇ ಸಾಲು ಬರೆದು ಬೆರಳೇ ಇಡದೆ ಆ ಕಾಲ್‌ಬ್ಯಾಕ್ ಕರೆಯಬಹುದು. ಬೆರಳಚ್ಚು ಕೇಳುವ ಬಯೊಮೆಟ್ರಿಕ್‌ಪ್ರಾಂಪ್ಟ್‌ಗೆ, ಅದನ್ನು ಕೀಗೆ ಕಟ್ಟುವ ಕ್ರಿಪ್ಟೊಆಬ್ಜೆಕ್ಟ್ ಕೊಡಿ. ಪಾಸ್‌ವರ್ಡುಗಳನ್ನು ಬಿಡಿಸುವ ಕೀ ಕೀಸ್ಟೋರ್‌ನಲ್ಲಿರಲಿ, ಬೆರಳಚ್ಚು ಆದ ಮೇಲೆ ಮಾತ್ರ ಅದು ಕೆಲಸ ಮಾಡಲಿ. ಆಗ ಸುಳ್ಳು ಕಾಲ್‌ಬ್ಯಾಕ್ ಪರದೆ ತೆರೆಸಬಹುದು, ಆದರೆ ಒಳಗೆ ಓದಲಾಗದ ಬೈಟುಗಳು ಮಾತ್ರ ಸಿಗುತ್ತವೆ. ಆ್ಯಂಡ್ರಾಯ್ಡ್ 9ರಿಂದ ಕೆಲವು ಫೋನುಗಳಲ್ಲಿ ಸ್ಟ್ರಾಂಗ್‌ಬಾಕ್ಸ್ ಅಂತ ಪ್ರತ್ಯೇಕ ಚಿಪ್ ಕೂಡ ಇದೆ. ಇದ್ದರೆ ಬಳಸಿ, ಇಲ್ಲದಿದ್ದರೆ ಮಾಮೂಲಿ ಕೀಸ್ಟೋರ್‌ಗೆ ಹೋಗುವಂತೆ ಬರೆಯಿರಿ.

ಮೆಮೊರಿ ಟ್ಯಾಗಿಂಗ್ ಒಳ್ಳೆಯದೇ. ಪಿಕ್ಸೆಲ್ 8ರಲ್ಲಿ ಬಂತು. ಪ್ರತಿ 16 ಬೈಟಿಗೆ 4 ಬಿಟ್‌ನ ಒಂದು ಗುರುತು ಅಂಟಿಸಿ, ಪಾಯಿಂಟರ್‌ನ ಗುರುತು ತಾಳೆಯಾಗದಿದ್ದರೆ ಆ್ಯಪ್ ನಿಲ್ಲಿಸುತ್ತದೆ. ಬಫರ್ ಮೀರಿ ಬರೆಯುವುದು, ಬಿಟ್ಟ ಮೆಮೊರಿ ಮತ್ತೆ ಮುಟ್ಟುವುದು, ಇಂಥ ಬಗ್‌ಗಳನ್ನು ಹಿಡಿಯಲು ಮಾಡಿದ್ದು. ಫೋನಿನ ಮಾಲೀಕನೇ ರೂಟ್ ಮಾಡಿಕೊಂಡು ಒಳಗೆ ಕೂತರೆ ಅದಕ್ಕೆ ಮಾಡಲು ಏನೂ ಇಲ್ಲ.

ಬೇರೆಯವರ ಆ್ಯಪ್ ಮೇಲೆ ಅನುಮತಿ ಇಲ್ಲದೆ ಬೇಡ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೇ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಆಗಬಹುದು. "ಕಲಿಯಲು ಮಾಡಿದೆ" ಅಂತ ಠಾಣೆಯಲ್ಲಿ ವಿವರಿಸುವುದು ಸುಲಭವಲ್ಲ. ಸಾಫ್ಟ್‌ವೇರ್ ಸುರಕ್ಷತೆಗೆ ಕೆಲಸ ಮಾಡುವ ಓವಾಸ್ಪ್ ಸಂಸ್ಥೆ ಇದಕ್ಕೆಂದೇ ಅನ್‌ಕ್ರ್ಯಾಕಬಲ್ ಅನ್ನೋ ಅಭ್ಯಾಸದ ಆ್ಯಪ್‌ಗಳನ್ನು ಉಚಿತವಾಗಿ ಕೊಟ್ಟಿದೆ. ಹಂತ ಹಂತವಾಗಿ ಕಷ್ಟವಾಗುತ್ತವೆ. ಮೊದಲನೆಯದನ್ನು ಬಿಡಿಸಿ, ಆಮೇಲೆ ನಿಮ್ಮದೇ ಆ್ಯಪ್ ಮೇಲೆ ಹೋಗಿ. ನಿಮ್ಮ ಆ್ಯಪನ್ನು ನೀವೇ ಮುರಿದು ತೋರಿಸಿದ ಒಂದು ಅಧ್ಯಾಯ ರಿಪೋರ್ಟಿನಲ್ಲಿ ಇದ್ದರೆ ವೈವಾದಲ್ಲಿ ಮಾತಾಡಲು ಬೇಕಾದಷ್ಟು ಸಿಗುತ್ತದೆ.

ಪ್ರಶ್ನೆ: ನಾನು ಶಿಡ್ಲಘಟ್ಟದ ನಿವೃತ್ತ ಮೇಷ್ಟ್ರು. ರಜೆಗೆ ಬಂದ ಮೊಮ್ಮಗ ನನ್ನ ಫೋನಿನಲ್ಲಿ ಯಾವುದೋ ಆಟದ "ಮಾಡ್" ಹಾಕಿಕೊಂಡಿದ್ದಾನೆ. ಅದರಲ್ಲಿ ಕಾಯಿನ್ ಖಾಲಿಯೇ ಆಗುವುದಿಲ್ಲವಂತೆ. ಅವತ್ತಿನಿಂದ ಬ್ಯಾಂಕಿನ ಆ್ಯಪ್ ತೆರೆದರೆ ಫೋನು ಸುರಕ್ಷಿತವಲ್ಲ ಅಂತ ತೋರಿಸಿ ಮುಚ್ಚಿಕೊಳ್ಳುತ್ತದೆ. ಫೋನು ಕೆಟ್ಟಿತಾ?

ಉತ್ತರ: ಕೆಟ್ಟಿಲ್ಲ ಮೇಷ್ಟ್ರೇ. ಬ್ಯಾಂಕಿನ ಆ್ಯಪ್ ತನ್ನ ಕೆಲಸ ಮಾಡುತ್ತಿದೆ. ಮಾಡ್ ಅಂದರೆ ಮೇಲೆ ಹೇಳಿದ ಹಾಗೆ ಯಾರೋ ಬಿಚ್ಚಿ, ತಿದ್ದಿ, ಮತ್ತೆ ಕಟ್ಟಿದ ಆ್ಯಪ್. ಕಾಯಿನ್ ಜೊತೆ ಇನ್ನೇನು ಸೇರಿಸಿದ್ದಾರೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಅದನ್ನು ಮೊದಲು ತೆಗೆಸಿ. ಅದರ ಜೊತೆ "ಸ್ಪೇಸ್", "ಕ್ಲೋನ್" ಅಂತ ಹೆಸರಿರುವ ಆ್ಯಪ್ ಹಾಕಿದ್ದರೆ ಅದನ್ನೂ ತೆಗೆಸಿ. ಸೆಟ್ಟಿಂಗ್ಸ್‌ನಲ್ಲಿ ಡೆವಲಪರ್ ಆಪ್ಷನ್ಸ್ ಆನ್ ಆಗಿದ್ದರೆ ಆಫ್ ಮಾಡಿ. ಕೆಲವು ಬ್ಯಾಂಕಿನ ಆ್ಯಪ್‌ಗಳು ಅದಕ್ಕೇ ತೆರೆಯುವುದಿಲ್ಲ. ಆ್ಯಕ್ಸೆಸಿಬಿಲಿಟಿ ಅನ್ನೋ ಕಡೆ ಗೊತ್ತಿಲ್ಲದ ಆ್ಯಪ್‌ಗೆ ಅನುಮತಿ ಇದ್ದರೆ ಅದನ್ನೂ ಕಿತ್ತುಹಾಕಿ. ದೂರದಿಂದ ಫೋನು ನೋಡುವ ಎನಿಡೆಸ್ಕ್ ತರಹದ ಆ್ಯಪ್ ಇದ್ದರೂ ಹೀಗಾಗುತ್ತದೆ. ಅಂಥವನ್ನು ಸಾಧ್ಯವಾದಷ್ಟು ಗುರುತಿಸಿ ಲಾಗಿನ್ ತಡೆಯಬೇಕು ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಬ್ಯಾಂಕುಗಳಿಗೆ ಹೇಳಿದೆ.

ಆಮೇಲೂ ಅದೇ ಸಂದೇಶ ಬಂದರೆ ಮೊಮ್ಮಗ ಫೋನನ್ನು ರೂಟ್ ಮಾಡಿರಬಹುದು. ಬೈಯದೆ ಕೇಳಿ, ಬೈದರೆ ನಿಜ ಹೇಳುವುದಿಲ್ಲ. ಹೌದು ಅಂದರೆ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಮೂಲ ಸಾಫ್ಟ್‌ವೇರ್ ಹಾಕಿಸಿ. ಬರೀ ರಿಸೆಟ್ ಮಾಡಿದರೆ ಸಾಲದು. ಅಲ್ಲಿಯವರೆಗೆ ಈ ಫೋನಿನಲ್ಲಿ ಯುಪಿಐ ಬೇಡ. ಪಿನ್ನನ್ನು ಮನೆಯವರ ಸಹಾಯದಿಂದ ಬೇರೆ ಫೋನಿನಲ್ಲಿ ಬದಲಿಸಿ. ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿ. ನಿಮ್ಮದಲ್ಲದ ಖರ್ಚು ಕಂಡರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಅವತ್ತೇ ಬರೆದುಕೊಡಿ.