‘ಎವಿನ್ದೆ’ ಅಂದ್ರೆ ಯಾರ ಮನೇಲಿ?

ಪ್ರಶ್ನೆ: ಸರ್, ಟರ್ಕಿಶ್ ಕಲೀತಾ ಇದೀನಿ. ‘ಎವ್’ ಅಂದ್ರೆ ಮನೆ, ‘ಎವ್ದೆ’ ಅಂದ್ರೆ ಮನೇಲಿ, ಇಷ್ಟು ಗೊತ್ತಾಯ್ತು. ಆದ್ರೆ ‘ಎವಿನ್ದೆ’ಗೆ ಒಂದು ಕಡೆ ‘ನಿನ್ನ ಮನೇಲಿ’ ಅಂತ ಅರ್ಥ ಕೊಟ್ಟಿದಾರೆ, ಇನ್ನೊಂದು ಕಡೆ ‘ಅವನ ಮನೇಲಿ’ ಅಂತ. ಯಾವುದು ಸರಿ?

ಉತ್ತರ: ಎರಡೂ ಸರಿ! ಟರ್ಕಿಶ್‌ನಲ್ಲಿ ನನ್ನ, ನಿನ್ನ, ಅವನ ಅನ್ನೋದು ನಾಮಪದದ ಬಾಲಕ್ಕೇ ಅಂಟ್ಕೊಳತ್ತೆ. ‘ಎವಿಮ್’ ನನ್ನ ಮನೆ, ‘ಎವಿನ್’ ನಿನ್ನ ಮನೆ, ‘ಎವಿ’ ಅವನ ಮನೆ (ಅವಳ ಮನೆಯೂ ಅದೇ, ಆ ಭಾಷೇಲಿ ಲಿಂಗಭೇದ ಇಲ್ಲ). ಇಲ್ಲೀವರೆಗೂ ಗೊಂದಲ ಇಲ್ಲ, ವಿಭಕ್ತಿ ಪ್ರತ್ಯಯ ಬಂದಾಗಲೇ ತೊಡಕು ಶುರು. ನಿನ್ನ ಮನೇಲಿ ಅನ್ನೋಕೆ ಎವ್+ಇನ್+ದೆ. ಅವನ ಮನೇಲಿ ಅನ್ನೋಕೆ ಎವ್+ಇ+ದೆ ಆಗ್ಬೇಕಿತ್ತು, ಆದ್ರೆ ಈ ‘ಅವನ’ ಪ್ರತ್ಯಯದ ಮೇಲೆ ವಿಭಕ್ತಿ ಕೂತ್ರೆ ಮಧ್ಯೆ ಒಂದು ‘ನ್’ ಬರತ್ತೆ, ನಮ್ಮಲ್ಲಿ ‘ಮನೆಯನ್ನು’ ಅನ್ನುವಾಗ ‘ಯ್’ ನುಸುಳಲ್ವಾ, ಸುಮಾರು ಹಾಗೇ ಅಂದ್ಕೊಳ್ಳಿ. ಅಲ್ಲಿಗೆ ಎರಡೂ ‘ಎವಿನ್ದೆ’ ಆಗೋಯ್ತು.

ನನಗೆ ತುಂಬಾ ಇಷ್ಟವಾದ ವಿಷಯ ಏನಂದ್ರೆ, ಮೊದಲು ಇವು ಬೇರೆ ಬೇರೇನೇ ಇದ್ವು. ‘ನಿನ್ನ’ ಪ್ರತ್ಯಯದ ಕೊನೇಲಿ ಇದ್ದದ್ದು ‘ಙ್’, ನಾವು ‘ಅಂಗಳ’ ಅನ್ನುವಾಗ ಮೂಗಿನಲ್ಲಿ ಬರತ್ತಲ್ಲ ಅದೇ ಧ್ವನಿ. ಇಸ್ತಾಂಬುಲ್ ಕಡೆ ಮಾತಲ್ಲಿ ಅದು ‘ನ್’ ಜೊತೆ ಬೆರೆತು ಹೋಯ್ತು. ಹಳೇ ಅರಬ್ಬಿ ಲಿಪೀಲಿ ಅದಕ್ಕೆ ‘ನ್’ ಅಲ್ಲದ ಬೇರೆ ಅಕ್ಷರ ಹಾಕ್ತಿದ್ರು, 1928ರಲ್ಲಿ ಲ್ಯಾಟಿನ್ ಲಿಪಿ ಬಂದಾಗ ಎರಡಕ್ಕೂ ಒಂದೇ ‘ನ್’ ಆಯ್ತು. ಟರ್ಕಿಶ್‌ನ ಬಂಧು ಕಜಕ್ ಭಾಷೇಲಿ ಇವತ್ತಿಗೂ ‘ಉಯಿಙ್ದೆ’ ಅಂದ್ರೆ ನಿನ್ನ ಮನೇಲಿ, ‘ಉಯಿನ್ದೆ’ ಅಂದ್ರೆ ಅವನ ಮನೇಲಿ.

ಟರ್ಕಿಶ್‌ನಲ್ಲಿ ಸ್ಪಷ್ಟ ಮಾಡ್ಬೇಕು ಅಂದ್ರೆ ಮುಂದೆ ಸರ್ವನಾಮ ಇಡ್ತಾರೆ: ‘ಸೆನಿನ್ ಎವಿನ್ದೆ’ ನಿನ್ನದು, ‘ಒನುನ್ ಎವಿನ್ದೆ’ ಅವನದು. ಹೆಸರು ಹೇಳಿದ್ರೂ ಬಾಲ ಬಿಡೋ ಹಾಗಿಲ್ಲ, ‘ಅಲಿನಿನ್ ಎವಿ’ ಅಂದ್ರೆ ಅಕ್ಷರಶಃ ‘ಅಲಿಯ ಅವನ-ಮನೆ’. ಕನ್ನಡದವರು ಎಡವೋದೇ ಇಲ್ಲಿ, ನಮಗೆ ‘ಅಲಿಯ’ ಅಂದ್ರೆ ಕೆಲಸ ಮುಗೀತು, ಹಾಗಾಗಿ ಆ ಕೊನೇ ‘ಇ’ ಮರೆತೇ ಹೋಗತ್ತೆ.

ಪ್ರತ್ಯಯಗಳ ಸಾಲು ಮಾತ್ರ ಸಾಮಾನ್ಯವಾಗಿ ಬದಲಾಗಲ್ಲ. ಎವ್-ಲೆರ್-ಇಮಿಜ್-ದೆನ್, ಅಂದ್ರೆ ಮನೆ-ಗಳು-ನಮ್ಮ-ಇಂದ. ‘ನಮ್ಮ ಮನೆಗಳಿಂದ’ ಅನ್ನೋದ್ರಲ್ಲಿ ಮುಂದಿರೋ ‘ನಮ್ಮ’ನ ಎತ್ತಿ ‘ಗಳು’ ಮತ್ತು ‘ಇಂದ’ದ ನಡುವೆ ಕೂರ್ಸಿ, ಟರ್ಕಿಶ್ ಸಾಲು ಸಿಕ್ಕಿಬಿಡತ್ತೆ. ಈಗ ‘ಎವಿನಿ’ ಅನ್ನೋದನ್ನ ನೀವೇ ಬಿಡಿಸಿ ನೋಡಿ, ‘ಮನೆಯನ್ನು’ ಅಂತ ಬರತ್ತೆ, ನಿನ್ನದೂ ಹೌದು ಅವನದೂ ಹೌದು.